ಹೆಸರಿಲ್ಲದ ಜಾಗದಲ್ಲಿ ಕೇಳಿದ ಕರೆ

ಹಾಡು ಕೇಳಿ ಮೈ ತಣ್ಣಗಾಯಿತು, ಯಾರೋ ಮುಟ್ಟಿದಂತಾಯಿತು ಎನ್ನುವವರನ್ನು ಕಂಡರೆ ನನಗೆ ಒಳಗೊಳಗೇ ನಗು ಬರುತ್ತಿತ್ತು. ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಸದ್ದು ಮಾರ್ದನಿಸದಂತೆ ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿ, ಭಜನೆಯವರ ಮತ್ತು ತಂಬೂರಿ ಪದದವರ ಹಾಡುಗಳನ್ನು ಕ್ಯಾಸೆಟ್ ಮಾಡಿಕೊಡುವುದು ನನ್ನ ಕಸುಬು. ದನಿ ಎಂದರೆ ನನಗೆ ರೆಕಾರ್ಡಿಂಗ್ ಯಂತ್ರದ ಮೀಟರಿನ ಮುಳ್ಳು. ಅದು ಏಳುತ್ತದೆ, ಬೀಳುತ್ತದೆ, ಅಷ್ಟೇ. ಈಗ ಬರೆಯುತ್ತಿರುವುದನ್ನು ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ನೀವು ನಂಬಬೇಕೆಂದು ಕೇಳುವುದೂ ಇಲ್ಲ.

ಎಲ್ಲರೂ ಕ್ಯಾಸೆಟ್ ಬಿಟ್ಟು ಸಿ.ಡಿ.ಗೆ ಬದಲಾಗುತ್ತಿದ್ದ ವರ್ಷಗಳವು. ಹಂಗಳದ ಮಾದಯ್ಯ ಎಂಬ ಹಾಡುಗಾರರು ಹೆಂಡತಿ ಪುಟ್ಟತಾಯಮ್ಮನ ಜೊತೆ ಬಂದರು. ಮಾದಯ್ಯನ ಗಂಟಲಲ್ಲಿ ಗಡ್ಡೆಯಾಗಿತ್ತು. ಮುಂದಿನ ಸೋಮವಾರ ಮೈಸೂರಿನಲ್ಲಿ ಆಪರೇಷನ್. ಆಮೇಲೆ ದನಿ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಅವರ ‘ಜೀವದ ಪದ’ವನ್ನು ಕ್ಯಾಸೆಟ್ ಮಾಡಿಸಬೇಕೆಂಬುದು ಪುಟ್ಟತಾಯಮ್ಮನ ಹಟ.

ಆ ಪದವನ್ನು ಸಾವಿನ ಮನೆಯಲ್ಲಿ ಮಾತ್ರ ಹಾಡುತ್ತಾರೆ. ಜೀವವು ದೇಹದ ಒಂದೊಂದು ಅಂಗಕ್ಕೂ ವಿದಾಯ ಹೇಳುತ್ತ ಹೋಗುವ ನಿಧಾನದ ಹಾಡು. ನಡುವೆ ಮೂರು ಕಡೆ ಹಾಡುಗಾರ ಸತ್ತವರ ಹೆಸರು ಹಿಡಿದು ಕರೆಯುತ್ತಾನೆ. ಸುತ್ತ ಕುಳಿತವರು ಸತ್ತವರ ಪರವಾಗಿ ‘ಓ’ ಎನ್ನುತ್ತಾರೆ. ಓಗೊಟ್ಟ ಮೇಲೆ ಕಡೆಯ ಪದ ಹಾಡಿ ಜೀವವನ್ನು ಅದು ಸೇರಬೇಕಾದ ಜಾಗಕ್ಕೆ ಕಳಿಸಿಕೊಡಲೇಬೇಕು, ಇಲ್ಲದಿದ್ದರೆ ಅದು ನಡುದಾರಿಯಲ್ಲೇ ನಿಂತುಬಿಡುತ್ತದಂತೆ.

ಮಾದಯ್ಯನಿಗೆ ಮನಸ್ಸಿರಲಿಲ್ಲ. “ಸತ್ತೋರೇ ಇಲ್ದೆ ಯಾರ ಕರೀಲಿ ಸಾಮಿ?” ಎಂದರು.

“ನಲವತ್ತೊರ್ಸ ನನ್ನ ಬಯ್ದು ಬಯ್ದೇ ಗಂಟ್ಲ ಸವೆಸ್ಬುಟ್ಟೆ. ಉಳ್ದಿರದಾದ್ರೂ ಡಬ್ಬಿಗೆ ಬೀಳ್ಲಿ, ಕುಂತ್ಕೊ” ಎಂದರು ಪುಟ್ಟತಾಯಮ್ಮ.

ಮಾದಯ್ಯ ನಕ್ಕರು. ಕಡೆಗೆ ಒಂದು ಒಪ್ಪಂದವಾಯಿತು. ಹೆಸರು ಬರಬೇಕಾದ ಜಾಗದಲ್ಲಿ ತಂತಿ ಮಾತ್ರ ಮೀಟುವುದು, ಯಾರೂ ಬಾಯಿ ತೆರೆಯಕೂಡದು. ಓಗೊಡುವವರೇ ಇಲ್ಲದ ಮೇಲೆ ಕಡೆಯ ಪದವೂ ಬೇಡ.

ಮಧ್ಯಾಹ್ನ ಮೂರು ಗಂಟೆಯಿರಬಹುದು. ಸದ್ದಾಗದಿರಲೆಂದು ಫ್ಯಾನ್ ನಿಲ್ಲಿಸಿ, ನಾನು ಹೆಡ್‌ಫೋನ್ ಹಾಕಿಕೊಂಡು ಕುಳಿತೆ. ಅವರು ಪಾದಕ್ಕೆ ವಿದಾಯ ಹಾಡಿದಾಗ ನನ್ನ ಪಾದ ತಣ್ಣಗಾಯಿತು. ಸಿಮೆಂಟು ನೆಲ, ಅದಕ್ಕೇ ಇರಬೇಕು ಎಂದುಕೊಂಡೆ. ಮಂಡಿಗೆ ಹಾಡಿದಾಗ ತಣ್ಣಗಿನದು ಮಂಡಿಗೇರಿತು. ಆ ದನಿ ಕಿವಿಯಲ್ಲಿ ಕೇಳುತ್ತಿರಲಿಲ್ಲ, ದವಡೆಯ ಮೂಳೆಯಲ್ಲಿ ಓಡಾಡುತ್ತಿತ್ತು. ಒಂದು ಸೊಲ್ಲು ಮುಗಿದು ಇನ್ನೊಂದು ಬರುವವರೆಗೆ ನನಗೆ ಅರಿವಿಲ್ಲದೆ ಉಸಿರು ಕಟ್ಟುತ್ತಿದ್ದೆ. ನಾಲಿಗೆಯ ಮೇಲೆ ಕಬ್ಬಿಣದ ರುಚಿ, ಮೂಗಿಗೆ ಆಗತಾನೆ ಅಗೆದ ಮಣ್ಣಿನ ವಾಸನೆ. ಬುದ್ಧಿ ಸ್ತಿಮಿತಕ್ಕೆ ಬರಲೆಂದು ಮೀಟರಿನ ಮುಳ್ಳನ್ನೇ ನೋಡತೊಡಗಿದೆ.

ಮೊದಲ ಖಾಲಿ ಜಾಗ ಕಳೆಯಿತು. ಎರಡನೆಯದೂ ಕಳೆಯಿತು. ಮೂರನೆಯದರಲ್ಲಿ ಎಡಗಿವಿಯಲ್ಲಿ ಯಾರೋ ನನ್ನನ್ನು ಕರೆದರು.

ರೇಷನ್ ಕಾರ್ಡಿನಲ್ಲಿರುವ ಹೆಸರಲ್ಲ. ಹರದನಹಳ್ಳಿಯಲ್ಲಿ ನನ್ನಜ್ಜಿ ಮಾತ್ರ ಕರೆಯುತ್ತಿದ್ದ ಹೆಸರು. ಅಜ್ಜಿ ತೀರಿಕೊಂಡ ಮೇಲೆ ಅದನ್ನು ಯಾರೂ ಆಡಿದ್ದಿಲ್ಲ, ಗುಂಡ್ಲುಪೇಟೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಆ ದನಿ ಅಜ್ಜಿಯದಲ್ಲ. ಗಂಡಸಿನದೋ ಹೆಂಗಸಿನದೋ ಇವತ್ತಿಗೂ ಹೇಳಲಾರೆ. ಅವಸರವಿಲ್ಲದ ದನಿ. ನಾನು “ಓ” ಎಂದುಬಿಟ್ಟೆ.

ಮಾದಯ್ಯನ ಕೈ ತಂತಿಯ ಮೇಲೆ ನಿಂತಿತು.

“ಯಾಕಪ್ಪ ಓಗೊಟ್ಟೆ? ಯಾರ್ ಕರುದ್ರು ನಿನ್ನ?” ಎಂದರು ಪುಟ್ಟತಾಯಮ್ಮ.

ಹೆಡ್‌ಫೋನ್ ಕಳಚಿಟ್ಟೆ. ಏಳಲು ನೋಡಿದೆ. ಮಂಡಿಯಿಂದ ಕೆಳಗೆ ಕಾಲಿರುವುದೇ ತಿಳಿಯಲಿಲ್ಲ. ಮಾದಯ್ಯ ನನ್ನ ಮುಖ ನೋಡಲಿಲ್ಲ, ಕಾಲನ್ನೇ ನೋಡಿದರು. ಆಮೇಲೆ ತಂಬೂರಿಯನ್ನು ಮತ್ತೆ ಹೆಗಲಿಗೇರಿಸಿಕೊಂಡರು.

“ಬ್ಯಾಡ ಕಣಯ್ಯ, ಗಂಟ್ಲು ಒಡ್ದೋಯ್ತದ!”

“ಓಗೊಟ್ಬುಟ್ಟವ್ನೆ ಕಣಮ್ಮಿ. ಇಂಗೇ ಬುಟ್ಟು ಓಗಕಾಯ್ತದಾ?”

ಅವರು ಕಡೆಯ ಪದವನ್ನು ಎತ್ತರದ ದನಿಯಲ್ಲಿ ಹಾಡಿದರು. ನನ್ನ ಕಾಲಿನಲ್ಲಿ ಬದಲಾವಣೆಯಿರಲಿಲ್ಲ. ಎರಡನೆಯ ಸಲ ಹಾಡಿದರು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದಂತಾಯಿತು. ಮೂರನೆಯ ಸಲ ಅರ್ಧದಲ್ಲೇ ದನಿ ಒಡೆಯಿತು. ಉಳಿದದ್ದನ್ನು ಬರೀ ತುಟಿಯಲ್ಲಿ ಮುಗಿಸಿ ಟವೆಲಿಗೆ ಉಗುಳಿದರು. ರಕ್ತವಿತ್ತು. ನಾನು ಗೋಡೆ ಹಿಡಿದು ಎದ್ದು ನಿಂತೆ. ಮಾದಯ್ಯ ಮತ್ತೆ ಮಾತಾಡಲೇ ಇಲ್ಲ. ಸೋಮವಾರದವರೆಗೆ ಉಳಿಯಬೇಕಿದ್ದ ದನಿ ಆ ಮಧ್ಯಾಹ್ನವೇ ಹೋಯಿತು.

ಅದೇ ಸಂಜೆ ಕ್ಯಾಸೆಟ್ ಹಾಕಿ ಕೇಳಿದೆ. ಮೂರನೆಯ ಖಾಲಿ ಜಾಗದಲ್ಲಿ ತಂತಿಯ ಸದ್ದು ಮಾತ್ರ ಇದೆ. ಆಮೇಲೆ ನನ್ನ ‘ಓ’. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡು ಏಳು ಸಲ ಕೇಳಿದೆ. ನಡುವೆ ಏನೂ ಇಲ್ಲ. ಮುಚ್ಚಿದ ಕೋಣೆಯ ಸೆಕೆ, ಊಟ ಮಾಡಿರಲಿಲ್ಲ, ಬಹಳ ಹೊತ್ತು ಕುಳಿತು ಕಾಲು ಜೋಮು ಹಿಡಿದಿರಬೇಕು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಹೆಸರು?

ಮೂರು ತಿಂಗಳ ನಂತರ ಕ್ಯಾಸೆಟ್ ಒಯ್ಯಲು ಇಬ್ಬರೂ ಬಂದರು. ಮಾದಯ್ಯ ಕತ್ತಿಗೆ ಟವೆಲು ಸುತ್ತಿಕೊಂಡು ಹೊರಗೆ ಜಗಲಿಯ ಮೇಲೆ ಕುಳಿತರು. ಕೇಳದೆಯೇ ತೆಗೆದುಕೊಂಡು ಹೋಗಿ ಎಂದೆ. ಗಂಡನ ದನಿ ಕೇಳಿ ತಿಂಗಳುಗಳಾದವು ಎಂದು ಪುಟ್ಟತಾಯಮ್ಮ ತಾವೇ ಹೆಡ್‌ಫೋನ್ ಹಾಕಿಕೊಂಡರು. ಮೊದಲು ಅವರ ಕಣ್ಣಲ್ಲಿ ನೀರು ಬಂತು. ಮೂರನೆಯ ಜಾಗ ಬಂದಾಗ ಥಟ್ಟನೆ ನೆಟ್ಟಗಾಗಿ, ಸೆರಗನ್ನು ಬಾಯಿಗೆ ತುರುಕಿ ಎರಡೂ ಕೈಯಲ್ಲಿ ಒತ್ತಿ ಹಿಡಿದರು. ಅದು ಕಳೆಯುವವರೆಗೂ ಬಿಡಲಿಲ್ಲ.

ಹೆಡ್‌ಫೋನ್ ಕಳಚಿ, ಕ್ಯಾಸೆಟ್ಟನ್ನು ನನ್ನ ಕಡೆ ತಳ್ಳಿದರು. “ನಮ್ಮನೇಗೆ ಬ್ಯಾಡ ಕಣಪ್ಪ. ಅಲ್ಲಿ ಮಕ್ಕಳವೆ, ಕರುದ್ರೆ ಓಗೊಟ್ಬುಡ್ತವೆ” ಎಂದು ಗಂಡನ ಕೈ ಹಿಡಿದು ಬಸ್ಸಿಗೆ ನಡೆದರು. ಆ ದನಿಗಾಗಿ ಅಷ್ಟು ಹಟ ಹಿಡಿದಿದ್ದವರು ಅದನ್ನು ಬಿಟ್ಟೇ ಹೋದರು. ಅವರಿಗೆ ಯಾವ ಹೆಸರು ಕೇಳಿಸಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ.