ನಾಲ್ಕನೇ ಗ್ಲಾಸು

ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದೆ. ಅತ್ತೆಗೆ ಬಿಸಿನೀರು ಕಾಯಿಸಿದೆ. ಹೊಸಿಲು ತೊಳೆದು ಅರಿಶಿನ ಹಚ್ಚಿದೆ. ನಲ್ಲಿ ಬಿಡುವ ದಿನ, ಎರಡು ಡ್ರಮ್ಮೂ ತುಂಬಿಸಿಟ್ಟೆ. ರಾಗಿಹಿಟ್ಟು ಜರಡಿ ಹಿಡಿದೆ. ಶುಕ್ರವಾರವಾದ್ದರಿಂದ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಮೂಲೆ ಮೂಲೆಗೂ ಹೊಗೆ ತೋರಿಸಿದೆ. ಬೀರುವಿನ ಹಿಂದೆ ಬಗ್ಗಿದಾಗ ಹೊಗೆ ಮೂಗಿಗೆ ಹತ್ತಿ ಕೆಮ್ಮು ಬಂತು... ಸಾರ್ ನೆನಪಾದರು.

ದೊಡ್ಡಬಳ್ಳಾಪುರದಿಂದ ನಮ್ಮೂರಿಗೆ ಬರುವ ದಾರಿಯಲ್ಲಿ, ದ್ರಾಕ್ಷಿ ತೋಟಗಳ ನಡುವೆ ಒಂದು ವೈನ್ ಫ್ಯಾಕ್ಟರಿ. ಅಲ್ಲಿ ಆರು ವರ್ಷ ನಾನು ಗ್ಲಾಸು ತೊಳೆಯುವ ಕೆಲಸದಲ್ಲಿದ್ದೆ. ವೈನಿನ ರುಚಿ ನೋಡಿ, ಯಾವ ಪೀಪಾಯಿಯದು ಯಾವಾಗ ಬಾಟಲಿಗೆ ಹೋಗಬೇಕೆಂದು ಹೇಳುತ್ತಿದ್ದವರು ಸಾರ್. ನಂದಗುಡಿ ಕಡೆಯ ಬೇಸಾಯದ ಮನೆಯವರು, ಅರವತ್ತರ ಹತ್ತಿರದ ವಯಸ್ಸು. ನನ್ನ ಮೊದಲ ದಿನವೇ ಮುಡಿಯಲ್ಲಿದ್ದ ಮಲ್ಲಿಗೆ ಗೇಟಿನಲ್ಲೇ ಉಳಿಯಿತು. ರುಚಿ ನೋಡುವ ಕೋಣೆಗೆ ಹೂವು, ಪೌಡರು, ಕಾಫಿ ಯಾವುದೂ ಬರಕೂಡದು. ಗ್ಲಾಸಿಗೆ ಸೋಪು ತಾಕಕೂಡದು, ಬರೀ ಬಿಸಿನೀರು. ನಾನು ಬಾಗಿಲಲ್ಲಿ ಇರುವಾಗಲೇ ಸಾರ್ ಒಳಗಿನಿಂದ, “ಏನಮ್ಮ, ಇವತ್ತು ಮನೇಲಿ ಹುರುಳಿಕಾಳಾ?” ಎಂದು ಕೇಳುತ್ತಿದ್ದರು. ಅಂಥ ಮೂಗು ಅವರದು.

ತೊಳೆಯುವ ಮುಂಚೆ ಒಂದೊಂದು ಗ್ಲಾಸನ್ನೂ ಮೂಸಿ ನೋಡು ಎನ್ನುತ್ತಿದ್ದರು. ಇದರಲ್ಲಿ ನೇರಳೆ ಹಣ್ಣು, ಇದರಲ್ಲಿ ಹೊಸ ಗೋಣಿಚೀಲ, ಇದರಲ್ಲಿ ಹುಣಿಸೆಹಣ್ಣು ಎಂದು ತೋಚಿದ್ದನ್ನು ನಾನು ಹೇಳುತ್ತಿದ್ದೆ. ಅವರು ನಗದೆ ಬರೆದುಕೊಳ್ಳುತ್ತಿದ್ದರು. ಕುಡಿದವಳಲ್ಲ ನಾನು. ಆದರೂ ಸಂಜೆ ಮನೆಗೆ ಬಂದರೆ ಅತ್ತೆ, “ಎಲ್ಲಿ, ಬಾಯಿ ತೆಗಿ ನೋಡಣ. ಎಷ್ಟು ತೊಳ್ದೆ, ಎಷ್ಟು ಇಳಿಸ್ದೆ?” ಎಂದು ಕಾಡುತ್ತಿದ್ದರು.

ಇಪ್ಪತ್ತು ವರ್ಷದ ಹಿಂದೆ ಸಾರ್ ಆಸ್ಟ್ರೇಲಿಯಾದ ಒಂದು ವೈನರಿಯಲ್ಲಿ ಒಂದು ಸುಗ್ಗಿ ದುಡಿದು ಬಂದಿದ್ದರು. ಅಲ್ಲಿ ತೋಟದ ಅಂಚಿಗೆ ನೀಲಗಿರಿ ಸಾಲು. ಆ ಸಾಲಿನ ಪಕ್ಕದ ದ್ರಾಕ್ಷಿಗೆ ಮರದ ಘಾಟು ಹತ್ತುತ್ತದೆಂದು ಅದನ್ನು ಬೇರೆಯೇ ಇಡುವುದು ರೂಢಿಯಂತೆ. ಇವರಿಗೆ ಗೊತ್ತಿಲ್ಲ. ಆ ಸಾಲಿನ ಪಕ್ಕದ ದ್ರಾಕ್ಷಿಯನ್ನೂ ಎಲೆ ಸಮೇತ ಕಿತ್ತು ಎಲ್ಲದರ ಜೊತೆ ಸುರಿದುಬಿಟ್ಟರು. ಬೈಗುಳ ತಿಂದರು. ಆದರೆ ಆ ವರ್ಷದ ಕೆಂಪು ವೈನಿನಲ್ಲಿ, ಮಳೆ ನಿಂತ ಮೇಲೆ ನಮ್ಮ ಕಡೆ ನೀಲಗಿರಿ ತೋಪಿನಿಂದ ಬರುವಂಥ ತಂಪು ವಾಸನೆ ನಿಂತಿತಂತೆ. ಇದನ್ನು ಹೇಳುವಾಗೆಲ್ಲ ಸಾರ್ ಮುಖ ಬೇರೆಯಾಗುತ್ತಿತ್ತು. “ನನ್ನ ತಪ್ಪು ಕಣಮ್ಮ ಅದು. ಎಲ್ಲಿದ್ರೂ ಗುರುತು ಹಿಡೀತೀನಿ.”

ಕೊರೊನಾ ಬಂತು, ಫ್ಯಾಕ್ಟರಿ ಮುಚ್ಚಿತು. ಮತ್ತೆ ತೆರೆದಾಗ ಕೋಣೆಯೆಲ್ಲ ಮುಗ್ಗಲು. ಬಹಳ ದಿನ ಮುಚ್ಚಿದ ಮನೆಗೆ ಮಾಡುವಂತೆ, ಯೋಚಿಸದೆ ಸಾಂಬ್ರಾಣಿ ಹಾಕಿಬಿಟ್ಟೆ. ಹೊಗೆ ಇನ್ನೂ ಸೂರಿನಲ್ಲಿ ಸುತ್ತುತ್ತಿರುವಾಗ ಸಾರ್ ಬಂದರು. ಅವರು ಕುಳಿತರು, ಗ್ಲಾಸು ತಿರುಗಿಸಿದರು, ಮೂಸಿದರು, ಏನೋ ಬರೆದರು. ಹೊಗೆಯ ಸುದ್ದಿಯನ್ನೇ ಎತ್ತಲಿಲ್ಲ. ಕ್ಷಮಿಸಿದರೆಂದುಕೊಂಡು ನಾನೇ ತಪ್ಪು ಒಪ್ಪಿಕೊಂಡೆ.

“ಯಾವಾಗ ಹಾಕ್ದೆ?” ಎಂದರು.

ಮೂಲೆಯ ಧೂಪದ ಬಟ್ಟಲಿನಿಂದ ಆಗಲೂ ಹೊಗೆ ಏಳುತ್ತಿತ್ತು. ಅವರು ಅದನ್ನು ನೋಡಿದರು, ನಾನು ಅವರನ್ನು ನೋಡಿದೆ. ಅವರಿಗೂ ಕೊರೊನಾ ಬಂದು, ಜ್ವರ ಬಿಟ್ಟು ನಾಲ್ಕು ತಿಂಗಳಾಗಿತ್ತಂತೆ. ವಾಸನೆ ಮಾತ್ರ ವಾಪಸು ಬಂದಿರಲಿಲ್ಲ. ಯಾರಿಗೂ ಹೇಳಬೇಡ ಎಂದರು. ಹೇಳಲಿಲ್ಲ. ಆಮೇಲೆ ನಾನು ಮೂಸಿ ಹೇಳಿದ್ದನ್ನೇ ಅವರು ಬರೆಯುತ್ತಾ ಕೆಲವು ವಾರ ತಳ್ಳಿದರು.

ಆಗಲೇ ಮಾಲೀಕರು ಅದೇ ಆಸ್ಟ್ರೇಲಿಯಾದ ವೈನರಿಯ ಕೆಂಪು ವೈನು ತರಿಸಿದರು. ಸಾಲಾಗಿ ಐದು ವರ್ಷದವು, ಐದು ಬಾಟಲಿ. ಅದರಲ್ಲೊಂದು ಸಾರ್ ದುಡಿದ ವರ್ಷದ್ದು. ಬಾಟಲಿಗೆ ಕಾಗದ ಸುತ್ತಿ, ಅತಿಥಿಗಳ ಎದುರು ಸಾರ್ ತಮ್ಮ ವರ್ಷವನ್ನು ಗುರುತಿಸುವುದು ಎಂದು ನಿಶ್ಚಯವಾಯಿತು. ಮಾಲೀಕರದು ಅಭಿಮಾನವೋ, ಅನುಮಾನವೋ, ಇವತ್ತಿಗೂ ತಿಳಿಯದು.

ಕಾಗದ ಸುತ್ತಿ, ಹಿಂದುಮುಂದು ಮಾಡಿ ನಂಬರು ಹಾಕಿದವಳು ನಾನೇ. ಬೆಳಿಗ್ಗೆ ಸಾರ್ ಒಬ್ಬರೇ ಸಿಕ್ಕಾಗ, ಅವರ ವರ್ಷದ್ದು ಯಾವ ನಂಬರೆಂದು ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

“ಬೇಡಮ್ಮ. ಬೇರೇದೆಲ್ಲಾ ನಿನ್ನ ಕೇಳಿ ಬರ್ದೆ. ಇದೊಂದು ಬೇಡ.”

ಐದು ಗ್ಲಾಸಿಗೂ ನಾನೇ ಸುರಿದೆ. ಸಾರ್ ಒಂದೊಂದಾಗಿ ಎತ್ತಿದರು. ನಾಲ್ಕನೆಯದು ಮೂಗಿನ ಹತ್ತಿರ ಹೋಯಿತು, ಇಳಿಯಿತು. ನೀರಿನ ಜಗ್ಗು ಹಿಡಿದು ಆ ಗ್ಲಾಸಿನ ಪಕ್ಕವೇ ನಿಂತೆ. ಅವರು ನನ್ನ ಕಡೆ ತಿರುಗಲಿಲ್ಲ. ಮತ್ತೆ ಎರಡನೆಯದನ್ನು ಎತ್ತಿ, ಕಣ್ಣು ಮುಚ್ಚಿ ಹೇಳತೊಡಗಿದರು. ಮೊದಲು ನೇರಳೆಯಂಥ ಹಣ್ಣು, ಆಮೇಲೆ ಹಳೆಯ ಚರ್ಮ, ಕೊನೆಗೆ, ಎಲ್ಲ ಮುಗಿಯಿತು ಎನ್ನುವಾಗ, ಮಳೆ ನಿಂತ ನೀಲಗಿರಿ ತೋಪು... ಅಷ್ಟು ಚೆನ್ನಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕಾಗದ ಬಿಚ್ಚಿದರು. ಬೇರೆ ವರ್ಷ.

ಮಾಲೀಕರು ಪರವಾಗಿಲ್ಲ ಬಿಡಿ ಎಂದು ನಕ್ಕರು. ಅತಿಥಿಗಳೂ ನಕ್ಕು ಊಟಕ್ಕೆ ಎದ್ದರು. ಸಾರ್ ಕುಳಿತೇ ಇದ್ದರು. ನಾನು ಗ್ಲಾಸುಗಳನ್ನು ತೊಟ್ಟಿಗೆ ಒಯ್ದು ರೂಢಿಯಂತೆ ಮೂಸಿದೆ. ಅವರು ಹೇಳಿದ್ದು ಒಂದೂ ಬಿಡದೆ ನಾಲ್ಕನೆಯದರಲ್ಲಿತ್ತು. ಹಣ್ಣು, ಚರ್ಮ, ಕೊನೆಗೆ ಆ ತೋಪು. ತಡೆಯಲಾರದೆ ಗ್ಲಾಸನ್ನು ಅವರ ಮುಂದೆ ತಂದಿಟ್ಟೆ.

“ನೀವು ಹೇಳಿದ್ದೆಲ್ಲಾ ಇದ್ರಲ್ಲಿದೆ ಸಾರ್.”

“ಇದೆಯಾ?”

“ಇದೆ ಸಾರ್.”

ಎರಡು ಕೈಯಲ್ಲಿ ಹಿಡಿದು ತುಂಬಾ ಹೊತ್ತು ಮೂಸಿದರು. ಮತ್ತೊಮ್ಮೆ ಮೂಸಿದರು. “ಸರಿ. ತೊಳೆದಿಡಮ್ಮ” ಎಂದು ವಾಪಸು ಕೊಟ್ಟರು. ತೊಳೆದಿಟ್ಟೆ.

ಆ ತಿಂಗಳೇ ಅವರು ಕೆಲಸ ಬಿಟ್ಟು ಊರಿಗೆ ಹೋದರು. ಮುಂದೆ ನಾನೂ ಬಿಟ್ಟೆ. ಹೋದ ವರ್ಷ ಹಾಲಿನ ವ್ಯಾನಿನವನು ಮಾತಿನ ನಡುವೆ ಅವರು ತೀರಿಕೊಂಡರು ಎಂದ. ವಾಸನೆ ಆಮೇಲಾದರೂ ಬಂದಿತ್ತೇ ಎಂದು ಅವನನ್ನು ಕೇಳುವುದು ಹೇಗೆ? ಆ ದಿನ ಗ್ಲಾಸನ್ನು ತಂದಿಟ್ಟು ಒಳ್ಳೆಯದು ಮಾಡಿದೆನೋ, ಗಾಯದ ಮೇಲೆ ಕೈಯಿಟ್ಟೆನೋ... ಹೇಳಬೇಕಾದವರು ಇಲ್ಲ.

ಮಧ್ಯಾಹ್ನ ಮುದ್ದೆ, ಸೊಪ್ಪಿನ ಬಸ್ಸಾರು. ತಟ್ಟೆ ಇಡುವಷ್ಟರಲ್ಲೇ ಅತ್ತೆ, ಬೆಳ್ಳುಳ್ಳಿ ಸೀದಿರೋ ವಾಸನೆ ಬರ್ತಿದೆ ಎಂದು ಗೊಣಗಿದರು. ಅವರ ಮೂಗಿಗಾದರೂ ತಿಳಿಯಿತಲ್ಲ ಎನಿಸಿ, ಹೌದು ಅತ್ತೆ, ಸೀದಿದೆ ಎಂದೆ. ಅಷ್ಟು ಬೇಗ ಒಪ್ಪಿಕೊಂಡಿದ್ದಕ್ಕೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಉಂಡು, ಸೆರಗು ಹೊದ್ದು ಮಲಗಿದರು.