ಎಂಟು ಬೆರಳಿನ ಆಟಗಾರ

ಅವರ ಬಲಗೈಯ ತೋರುಬೆರಳೂ ನಡುಬೆರಳೂ ಬುಡದ ಗೆಣ್ಣಿನವರೆಗೆ ಮಾತ್ರ ಇದ್ದವು. ಅಲ್ಲಿಂದ ಮುಂದೆ ಚರ್ಮವನ್ನು ಒಳಕ್ಕೆ ಮಡಚಿ ಹೊಲಿದ ಗುರುತು, ಗೋಣಿಚೀಲದ ಬಾಯಿ ಬಿಗಿದ ಹಾಗೆ. ವಿಡಿಯೊ ಗೇಮಿನ ಕಂಟ್ರೋಲರ್ ಹಿಡಿದರೆ, ನಾವೆಲ್ಲ ತೋರುಬೆರಳಿನಿಂದ ಒತ್ತುವ ಮೇಲಂಚಿನ ಗುಂಡಿಯನ್ನು ಅವರು ಉಂಗುರಬೆರಳಿನಿಂದ ಒತ್ತುತ್ತಿದ್ದರು. ಕಿರುಬೆರಳು ಅಡಿಯಲ್ಲಿ ಆಸರೆಯಾಗಿ ನಿಲ್ಲುತ್ತಿತ್ತು. ಹತ್ತು ಬೆರಳಿಟ್ಟುಕೊಂಡು ನಾನು ಆ ಎಂಟು ಬೆರಳಿನ ಎದುರು ಕಾರ್ ರೇಸಿನಲ್ಲಿ ಸೋತದ್ದು ಎಷ್ಟು ಸಲವೋ.

ನಾಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ನಮ್ಮ ಕೆಳಗಿನ ಮನೆ. ಆಗಿನ್ನೂ ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಒಂದೊಂದಾಗಿ ಏಳುತ್ತಿದ್ದವು, ಕಿಟಕಿ ತೆರೆದರೆ ಊಟದ ತಟ್ಟೆಯ ಮೇಲೆ ಸಿಮೆಂಟಿನ ದೂಳು ಕೂರುತ್ತಿತ್ತು. ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ, ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಫೋರ್ಮನ್ ಆಗಿದ್ದು ನಿವೃತ್ತರಾದವರು. ಊರು ರಾಣೆಬೆನ್ನೂರಿನ ಕಡೆ. ಬೆಂಗಳೂರಿಗೆ ಬಂದು ಮೂವತ್ತೈದು ವರ್ಷವಾದರೂ ನಾಲಗೆ ಮಾತ್ರ ಊರು ಬಿಟ್ಟಿರಲಿಲ್ಲ.

ನಾನು ಪೀಣ್ಯದಲ್ಲೇ ಒಂದು ಪಂಪ್‌ಸೆಟ್ ಕಂಪನಿಯಲ್ಲಿ ಕೈಪಿಡಿ ಬರೆಯುತ್ತಿದ್ದೆ. ಮೋಟಾರನ್ನು ಹೇಗೆ ಕೂರಿಸಬೇಕು, ತಂತಿ ಎಲ್ಲಿಗೆ ಜೋಡಿಸಬೇಕು, ಅಂಥವು. ಅದು ಹೊಟ್ಟೆಪಾಡು. ಪ್ರೀತಿ ಇದ್ದದ್ದು ಗೇಮುಗಳ ಮೇಲೆ, ಮನೆಗೆ ಬರುವ ಹೊಸ ಹೊಸ ಯಂತ್ರಗಳ ಮೇಲೆ. ಒಂದು ಪತ್ರಿಕೆಯ ಪುರವಣಿಯಲ್ಲಿ ಇವುಗಳ ಬಗ್ಗೆ ವಾರಕ್ಕೊಂದು ಅಂಕಣ ಬರೆಯುತ್ತಿದ್ದೆ. ಕಂಪನಿಗಳು ಬಳಸಿ ನೋಡಲು ಒಂದೊಂದು ವಸ್ತು ಕಳಿಸುತ್ತಿದ್ದವು. ಹೊಸ ಡಬ್ಬಿ ಒಡೆಯುವಾಗ ಬರುವ ಪ್ಲಾಸ್ಟಿಕ್ಕಿನ ವಾಸನೆ ನನಗೆ ಈಗಲೂ ಇಷ್ಟ.

ಒಂದು ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಕಾರು ಓಡಿಸುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಟೀವಿಯದು ಜಾಸ್ತಿಯಾಯಿತೇನೋ ಎಂದು ಅಳುಕುತ್ತಲೇ ಬಾಗಿಲು ತೆಗೆದೆ. ಅವರು ನಿಂತಿದ್ದರು, ಹಣೆಯಲ್ಲಿ ವಿಭೂತಿ, ಮೈಮೇಲೆ ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ.

"ಸಾರಿ ಅಂಕಲ್, ಕಡಿಮೆ ಮಾಡ್ತೀನಿ," ಅಂದೆ.

"ಸದ್ದಿಂದು ಹೋಗ್ಲಿ. ಒಂದು ತಾಸಾತು, ಕೆಳಗ ಕುಂತು ಕೇಳಾಕತ್ತೀನಿ. ತಿರುವಿನ್ಯಾಗ ನೀ ಗೇರ್ ತಡಾ ಮಾಡಿ ಇಳಸ್ತಿ. ಇಂಜಿನ್ ಒದ್ದಾಡ್ತೈತಿ," ಅಂದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು. "ಅಂಕಲ್ ಗಿಂಕಲ್ ಬ್ಯಾಡ. ಕಾಕಾ ಅನ್ನು."

ಅಂದಿನಿಂದ ಭಾನುವಾರದ ಬೆಳಗು ಕಾಕಾರದ್ದಾಯಿತು. ಹತ್ತಕ್ಕೆ ಬಂದು ಹನ್ನೆರಡಕ್ಕೆ ಏಳುತ್ತಿದ್ದರು. ಕಂಟ್ರೋಲರನ್ನು ಅವರು 'ಹ್ಯಾಂಡಲ್' ಎನ್ನುತ್ತಿದ್ದರು. ಬಂದೂಕಿನ ಆಟಗಳು ಅವರಿಗೆ ಸೇರಲಿಲ್ಲ. "ಸತ್ತವ ಮತ್ತ ಎದ್ದು ಬರ್ತಾನಂದ್ರ ಅಂಜಿಕಿ ಎಲ್ಲಿಂದ ಬರಬೇಕು?" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಕಾರಿನ ಆಟ, ಸೇತುವೆ ಕಟ್ಟುವ ಆಟ ಮೆಚ್ಚುಗೆಯಾದವು. ಸೇತುವೆ ಬಿದ್ದರೆ ಹತ್ತು ನಿಮಿಷ ಪರದೆಯನ್ನೇ ದಿಟ್ಟಿಸಿ, ಒಂದೇ ಒಂದು ಕಂಬ ಪಕ್ಕಕ್ಕೆ ಸರಿಸಿ ಲಾರಿ ದಾಟಿಸುತ್ತಿದ್ದರು. ನಾನಾದರೆ ಹತ್ತು ಕಂಬ ತುರುಕುತ್ತಿದ್ದೆ.

ನನ್ನ ಅಂಕಣವನ್ನು ಅವರು ಮೊದಲ ಸಲ ಓದಿದ ದಿನ, ನಾನು ಹೊಗಳಿಕೆಗೆ ಕಾಯುತ್ತ ಕೂತಿದ್ದೆ. ಪತ್ರಿಕೆ ಮಡಚಿ ಹೇಳಿದರು: "ತಮ್ಮಾ, ಇದೆಲ್ಲಾ ನಾ ಡಬ್ಬಿ ಮ್ಯಾಲ ಓದೀನಿ. ನೀ ಏನ ನೋಡ್ದಿ ಅದನ್ನ ಬರಿ."

ಅವರು ನೋಡುವ ರೀತಿಯೇ ಬೇರೆ. ಯಾವ ಯಂತ್ರ ಬಂದರೂ ಕೈ ಒದ್ದೆ ಮಾಡಿಕೊಂಡು ಗುಂಡಿ ಒತ್ತಿ ನೋಡುತ್ತಿದ್ದರು, ಕಣ್ಣು ಮುಚ್ಚಿ ಒತ್ತಿ ನೋಡುತ್ತಿದ್ದರು, ಆಮೇಲೆ ಬಸ್ಸು ತಪ್ಪಿಹೋಗುತ್ತದೆ ಎನ್ನುವವರ ಹಾಗೆ ಅವಸರದಲ್ಲಿ ಒತ್ತಿ ನೋಡುತ್ತಿದ್ದರು. ಹದಿನಾರು ಬಗೆಯಲ್ಲಿ ಒಗೆಯುವ ವಾಷಿಂಗ್ ಮೆಷಿನ್ ಬಂದಾಗ, ಅವರ ಮನೆಯಾಕೆ ಕಾಕಿಯನ್ನು ಕರೆದು ಯಾವ ಗುಂಡಿ ಒತ್ತುತ್ತೀ ಎಂದು ಕೇಳಿದರು. ಕಾಕಿ ಎರಡನ್ನು ತೋರಿಸಿದರು. "ಉಳಿದ ಹದಿನಾಲ್ಕು ಅಂಗಡಿಯವಗ," ಅಂದರು ಕಾಕಾ. ಅದು ಹಾಗೇ ನನ್ನ ಅಂಕಣಕ್ಕೆ ಹೋಯಿತು. ನೀರು ಶುದ್ಧ ಮಾಡುವ ಯಂತ್ರ ಹಾಡು ಹೇಳಬೇಕಾಗಿಲ್ಲ ಎಂದು ನಾನು ಧೈರ್ಯವಾಗಿ ಬರೆದದ್ದೂ ಅವರ ಸಹವಾಸದಿಂದಲೇ.

ಕಂಟ್ರೋಲರೇ ಬೇಡದ, ಗಾಳಿಯಲ್ಲಿ ಕೈ ಬೀಸಿ ಆಡುವ ಒಂದು ಆಟದ ಪೆಟ್ಟಿಗೆ ಆಗ ಬಂದಿತ್ತು. ಟೀವಿಯ ಮೇಲೆ ಕೂತ ಕ್ಯಾಮೆರಾ ನಮ್ಮ ಅಂಗೈ ಗುರುತಿಸಿದರೆ ಆಟ ಶುರು. ನಾನು ಹಾರಿ ಕುಣಿದು ಬೆವರಿದ ಮೇಲೆ ಕಾಕಾ ಎದ್ದು ನಿಂತು ಬಲಗೈ ಎತ್ತಿದರು. 'ಕೈ ತೋರಿಸಿ' ಎಂದಿತು ಪರದೆ. ಇನ್ನೂ ಎತ್ತರಕ್ಕೆ ಎತ್ತಿದರು. 'ಕೈ ತೋರಿಸಿ' ಎಂದೇ ಹೇಳಿತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಮಾತ್ರ ಹೊಟ್ಟೆ ಕುಲುಕುವಂತೆ ನಕ್ಕರು.

"ನೋಡು ತಮ್ಮಾ, ಮೂವತ್ತು ವರ್ಷ ಮಷೀನ್ ನಡಿಸಿದೆ. ಇದಕ್ಕ ನಾ ಕೈ ಇಲ್ಲದವ." ಎಡಗೈ ಎತ್ತಿ ಆಡಿದರು.

ನಾನು ಆ ವಾರ ಬರೆದದ್ದು ಅಷ್ಟನ್ನೇ. ನಾನು ಬರೆದದ್ದರಲ್ಲಿ ಓದುಗರು ಪತ್ರ ಬರೆದು ಮೆಚ್ಚಿದ ಮೊದಲ ಲೇಖನ ಅದು.

ಬೆರಳು ಹೇಗೆ ಹೋದವು ಎಂದು ಒಮ್ಮೆ ಕೇಳಿದ್ದೆ. "ಪ್ರೆಸ್ಸಿನ್ಯಾಗ," ಎಂದಷ್ಟೇ ಹೇಳಿ ಮಾತು ತಿರುಗಿಸಿದ್ದರು. ಆಪರೇಟರ್ ಒಬ್ಬ ಅವಸರದಲ್ಲಿ ಪೆಡಲ್ ತುಳಿದುಬಿಟ್ಟನಂತೆ ಎಂದು ಕಟ್ಟಡದಲ್ಲಿ ಯಾರೋ ಹೇಳಿದ್ದರು. ನಾನು ಅದನ್ನೇ ನಂಬಿದ್ದೆ.

ಹೀಗಿರುವಾಗ ಮಿಕ್ಸಿಯ ಪ್ರಕರಣ ನಡೆಯಿತು. ಒಂದು ಕಂಪನಿಯವರು ಹೊಸ ಮಿಕ್ಸಿ ಕಳಿಸಿದ್ದರು. ಆ ವಾರ ಆಫೀಸಿನಲ್ಲಿ ಕೆಲಸದ ಒತ್ತಡ, ಕಾಕಾ ಊರಿಗೆ ಹೋಗಿದ್ದರು. ಒಂದು ಸಲ ತಿರುಗಿಸಿ ನೋಡಿ, ಉಳಿದದ್ದನ್ನು ಜೊತೆಗೆ ಬಂದ ಪುಸ್ತಿಕೆಯಿಂದ ಎತ್ತಿ ಬರೆದೆ. 'ಮುಚ್ಚಳ ಸರಿಯಾಗಿ ಕೂರದಿದ್ದರೆ ಚಾಲೂ ಆಗುವುದೇ ಇಲ್ಲ, ಮನೆಯವರು ನಿಶ್ಚಿಂತೆಯಿಂದ ಇರಬಹುದು' ಎಂಬ ವಾಕ್ಯ ನನ್ನದೇ ಎನ್ನುವಂತೆ ಅಚ್ಚಾಯಿತು.

ಕಾಕಿ ಅದನ್ನು ಓದಿ ಅದೇ ಮಿಕ್ಸಿ ಕೊಂಡರು.

ಮೂರು ವಾರದ ಮೇಲೆ ಕಾಕಾ ಆ ಮಿಕ್ಸಿಯನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದರು. ಮೇಜಿನ ಮೇಲಿಟ್ಟು, ಮುಚ್ಚಳವನ್ನು ಅರ್ಧ ಮಾತ್ರ ತಿರುಗಿಸಿ ಸ್ವಿಚ್ ಹಾಕಿದರು. ಮಿಕ್ಸಿ ಗಿರ್ರೆಂದು ತಿರುಗಿತು. ಮುಚ್ಚಳ ಹಾರಿ ಸೋಫಾದ ಕೆಳಗೆ ಹೋಯಿತು.

"ಇದನ್ನ ನೀ ಹಿಂಗ ಹಚ್ಚಿ ನೋಡಿದ್ದೇನು?" ಕೇಳಿದರು.

"ಇಲ್ಲ ಕಾಕಾ."

"ನಿನ್ನ ಕಾಕಿ ಕಿರುಬೆರಳಿಗೆ ನಾಕು ಹೊಲಿಗಿ ಬಿದ್ದಾವು. ಹಾರಿದ ಮುಚ್ಚಳ ಹಿಡಿಯಾಕ ಹೋದ ಕೈ ಮಿಕ್ಸಿ ಜಾರಿನ್ಯಾಗ ಬಿತ್ತು."

ಕೆಳಗೆ ಓಡಿದೆ. ಕಾಕಿ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ನನಗ ಅವಸರ ಆಗಿತ್ತಪ್ಪಾ, ನಂದ ತಪ್ಪು," ಅಂದರು. ಆ ಮಾತು ಕೇಳಿ ನನಗೆ ಇನ್ನಷ್ಟು ಕಸಿವಿಸಿಯಾಯಿತು.

ಮೇಲೆ ಬಂದು ಕಾಕಾರಿಗೆ ಹೇಳಿದೆ: "ಕಂಪನಿಗೆ ಬರೀತೀನಿ. ಮಿಕ್ಸಿ ಬದಲಾಯಿಸಿ ಕೊಡ್ತಾರೆ."

"ಪೇಪರಿನ್ಯಾಗ?"

ಪತ್ರಿಕೆಯಲ್ಲಿ ನಾನೇ ಸುಳ್ಳು ಬರೆದೆ ಎಂದು ಹೇಗೆ ಹೇಳುವುದು? ಅಂಕಣ ಉಳಿಯುತ್ತದೆಯೇ? ಬೇರೆ ಕಂಪನಿಗಳು ಇನ್ನು ಏನಾದರೂ ಕಳಿಸುತ್ತವೆಯೇ? ಇದೆಲ್ಲ ನನ್ನ ಮುಖದಲ್ಲಿ ಕಂಡಿರಬೇಕು. ಕಾಕಾ ಕುರ್ಚಿ ಎಳೆದುಕೊಂಡು ಕೂತರು. ಬಲಗೈಯನ್ನು ಮೇಜಿನ ಮೇಲೆ ಚಾಚಿದರು.

"ಆ ಪ್ರೆಸ್ಸಿಗೆ ಗಾರ್ಡ್ ಇರಲಿಲ್ಲ ತಮ್ಮಾ. ಕೈ ಒಳಗ ಹೋಗಬಾರದಂತ ಮುಂದ ಒಂದು ಕಬ್ಬಿಣದ ಜಾಳಗಿ ಇರ್ತದ, ಅದು. ಮುಂಜಾನೆ ನಾನ ಬಿಚ್ಚಿಸಿದ್ದೆ. ಅದಿದ್ರ ಕೆಲಸ ನಿಧಾನ, ಮಾಲು ಸಂಜಿಗೆ ಹೋಗಬೇಕಿತ್ತು. ಮಧ್ಯಾಹ್ನ ಅಚ್ಚಿನ್ಯಾಗ ಒಂದು ತಗಡು ಸಿಕ್ಕೊಂತು. ಮಷೀನ್ ಬಂದ್ ಮಾಡಲಾರದ ಕೈ ಹಾಕಿದೆ. ಆಪರೇಟರನ್ನ ಯಾರೋ ಕರದ್ರು. ಅವ ಆ ಕಡೆ ತಿರುಗಿದ, ಕಾಲು ಪೆಡಲ್ ಮ್ಯಾಲ ಬಿತ್ತು."

ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಮುಂದುವರಿಸಿದರು.

"ವಿಚಾರಣಿ ಆತು. ಅಷ್ಟರಾಗ ಯಾರೋ ಗಾರ್ಡ್ ಮತ್ತ ಕುಂದರಿಸಿದ್ರು. ಕೈ ಬಾಜೂದಿಂದ ಒಳಗ ಹೋಗೈತಿ ಅಂತ ಬರಕೊಂಡ್ರು. ಅವ, ಗಾರ್ಡ್ ಇರಲಿಲ್ಲ ಅಂದ. ನನ್ನ ಕೇಳಿದ್ರು. ನಾ, ನೆನಪಿಲ್ಲ ಅಂದೆ. ಅವನ್ನ ಕೆಲಸದಿಂದ ತಗದ್ರು. ಆಮ್ಯಾಲ ನಾ ರಿಟೈರ್ ಆಗೂತನಕಾ ನನ್ನ ಶಾಪಿನ್ಯಾಗ ಗಾರ್ಡ್ ಇಲ್ಲದ ಒಂದು ಪ್ರೆಸ್ ನಡೀಲಿಲ್ಲ. ಆದ್ರ ಅದರಿಂದ ಅವಗೇನು ಬಂತು?"

ಅವರು ಮಿಕ್ಸಿ ಎತ್ತಿಕೊಂಡು ಇಳಿದು ಹೋದರು.

ಮರುದಿನ ಆಫೀಸಿಗೆ ರಜೆ ಹಾಕಿ ಬರೆದೆ. 'ಈ ಮಿಕ್ಸಿಯ ಬಗ್ಗೆ ನಾನು ಬರೆದದ್ದು ಸುಳ್ಳು. ನಾನು ಪರೀಕ್ಷಿಸಿರಲಿಲ್ಲ. ನನ್ನ ಮಾತು ನಂಬಿ ಕೊಂಡವರೊಬ್ಬರ ಬೆರಳು ಸೀಳಿದೆ. ನಿಮ್ಮಲ್ಲಿ ಇದು ಇದ್ದರೆ ಮುಚ್ಚಳ ಹೀಗೆ ಹಾಕಿ ನೋಡಿ' ಎಂದು ಶುರುಮಾಡಿ, ಬಳಸಿದ ಸುಂದರ ವಾಕ್ಯಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡೆ. ಪುರವಣಿಯ ಸಂಪಾದಕಿ ಫೋನು ಮಾಡಿ, "ಇದನ್ನ ಹಾಕ್ಲೇಬೇಕಾ?" ಎಂದು ಎರಡು ಸಲ ಕೇಳಿದರು. ಹಾಕದಿದ್ದರೆ ಅಂಕಣ ನಿಲ್ಲಿಸುತ್ತೇನೆ ಎಂದೆ. ಹಾಕಿದರು. ಆ ಕಂಪನಿಯ ಡಬ್ಬಿಗಳು ಬರುವುದು ನಿಂತಿತು, ಇನ್ನೆರಡು ಕಂಪನಿಗಳದ್ದೂ ನಿಂತಿತು. ಅಂಕಣ ನಿಲ್ಲಲಿಲ್ಲ. ಅಕ್ಕಪಕ್ಕದವರಿಂದ ಕಡ ತಂದ ಯಂತ್ರಗಳ ಬಗ್ಗೆ ಬರೆಯತೊಡಗಿದೆ. ಹೇಳಿಕೊಳ್ಳಲು ಸಂಕೋಚವಿಲ್ಲ, ಅವು ಮೊದಲಿನವಕ್ಕಿಂತ ಚೆನ್ನಾಗಿದ್ದವು.

ಕಾಕಾ ಅದನ್ನು ಓದಿದರು. ಮುಂದಿನ ಎರಡು ಭಾನುವಾರ ಆಡಲು ಬರಲಿಲ್ಲ. ಮೂರನೆಯ ಭಾನುವಾರ ಎಂಟಕ್ಕೇ ಬಾಗಿಲು ಬಡಿದರು.

"ಆ ಆಪರೇಟರ್ ಚಂದಾಪುರದಾಗ ಅದಾನಂತ. ಹಳೇ ಮಂದೀನ್ನ ಹಿಡಿದು ವಿಳಾಸ ತಗೊಂಡೀನಿ. ನೀ ಸಂಗಡ ಬಾ. ಒಬ್ಬನ ಹೋದ್ರ ಅರ್ಧ ದಾರಿಗೆ ತಿರುಗಿ ಬರ್ತೀನಿ."

ಮೂರು ಬಸ್ಸು ಬದಲಿಸಿ ಊರಿನ ಈ ತುದಿಯಿಂದ ಆ ತುದಿಗೆ ಹೋದೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಸರಳು ಹಿಡಿದು ಕೂತಿದ್ದರು. ಚಂದಾಪುರದ ಒಂದು ಅಡ್ಡರಸ್ತೆಯಲ್ಲಿ ಹಿಟ್ಟಿನ ಗಿರಣಿ. ಹುಬ್ಬು, ಮೀಸೆ ಎಲ್ಲ ರಾಗಿಹಿಟ್ಟಿನಿಂದ ಬೂದಿಯಾಗಿದ್ದ ಐವತ್ತರ ಆಸುಪಾಸಿನ ಒಬ್ಬರು ಕಾಕಾರನ್ನು ನೋಡಿದವರೇ ಗಿರಣಿ ನಿಲ್ಲಿಸಿದರು. ಕಾಕಾರ ಮುಖಕ್ಕಿಂತ ಮೊದಲು ಅವರು ನೋಡಿದ್ದು ಕೈಯನ್ನು.

"ಬನ್ನಿ ಸಾರ್," ಅಂದರು. ಕೂರಲು ಹೇಳಲಿಲ್ಲ.

ಕಾಕಾ ಪೀಠಿಕೆ ಹಾಕಲಿಲ್ಲ. "ಗಾರ್ಡ್ ನಾನ ಬಿಚ್ಚಿಸಿದ್ದೆ. ನೆನಪಿಲ್ಲ ಅಂದದ್ದು ಸುಳ್ಳು. ನಿನ್ನ ತಪ್ಪು ಇರಲಿಲ್ಲ. ಇದನ್ನ ಹೇಳಾಕ ಬಂದೀನಿ."

"ಅವತ್ತು ನಾನು ಬಡ್ಕೊಂಡೆ ಸಾರ್, ಗಾರ್ಡ್ ಇರ್ಲಿಲ್ಲ ಅಂತ. ಯಾರೂ ನಂಬ್ಲಿಲ್ಲ. ನೀವು ಒಂದ್ ಮಾತು ಹೇಳಿದ್ರೆ ಸಾಕಿತ್ತು."

"ಹೌದು."

"ಈಗ ಹೇಳಿ ಏನಾಗ್ಬೇಕು?"

"ನಂಗ ಗೊತ್ತಿಲ್ಲಪಾ. ನಿನ್ನ ಮನ್ಯಾಗಿನವರ ಮುಂದನೂ ಹೇಳ್ತೀನಿ. ಎಲ್ಲಿ ಹೇಳು ಅಂತಿ ಅಲ್ಲಿ ಹೇಳ್ತೀನಿ."

ಆತ ಬಹಳ ಹೊತ್ತು ಗಿರಣಿಯ ಪಟ್ಟಿಯ ಮೇಲೆ ಕೈಯಾಡಿಸುತ್ತ ನಿಂತರು. ಆಮೇಲೆ ಒಳಗೆ ತಿರುಗಿ ಹೆಂಡತಿಯನ್ನು ಕರೆದರು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅವರು ಹೊರಗೆ ಬಂದರು. ಕಾಕಾ ಅದೇ ಮಾತನ್ನು ಇನ್ನೊಂದು ಸಲ, ಒಂದಕ್ಷರ ಬಿಡದೆ, ಕೈಮುಗಿದುಕೊಂಡು ಹೇಳಿದರು. ಆಕೆ ಗಂಡನ ಮುಖ ನೋಡಿದರು.

ಆತನ ದನಿ ಒಡೆದದ್ದು ಆಗಲೇ. "ಇಷ್ಟು ವರ್ಷ ಎಲ್ರೂ ಹೇಳೋದು ಕೇಳಿ ಕೇಳಿ, ನನ್ ಕಾಲೇ ಆತುರ ಪಟ್ಟಿತ್ತೇನೋ ಅಂತ ನಾನೇ ಅನ್ಕೊಳ್ಳೋಕೆ ಶುರು ಮಾಡ್ಬಿಟ್ಟಿದ್ದೆ ಸಾರ್."

ಆಕೆ ಒಳಗೆ ಹೋಗಿ ಎರಡು ಲೋಟ ನೀರು ತಂದರು. ಕುಡಿದೆವು. ಕ್ಷಮಿಸಿದೆ ಎಂದು ಆತ ಹೇಳಲಿಲ್ಲ, ಕಾಕಾ ಕೇಳಲೂ ಇಲ್ಲ. ಬಸ್ ನಿಲ್ದಾಣಕ್ಕೆ ಬರುವಾಗ ನಾನು ಸಮಾಧಾನದ ಮಾತಿಗಾಗಿ ತಡಕಾಡುತ್ತಿದ್ದೆ. ಕಾಕಾ ನನ್ನನ್ನು ತಡೆದರು. "ಏನೂ ಹೇಳಬ್ಯಾಡ. ಇವತ್ತು ನನಗ ಹಸಿವ್ಯಾಗೈತಿ," ಅಂದರು. ಎದುರಿನ ಹೋಟೆಲಿನಲ್ಲಿ ಎರಡು ಪ್ಲೇಟು ಇಡ್ಲಿ, ಮೇಲೊಂದು ವಡೆ ತಿಂದರು.

ಆಮೇಲೆ ಎರಡು ವರ್ಷ ನಾವು ಭಾನುವಾರಗಳನ್ನು ಚೆನ್ನಾಗಿ ಕಳೆದೆವು. ಕಾಕಿಯೂ ಕೆಲವೊಮ್ಮೆ ಬಂದು ಕೂರುತ್ತಿದ್ದರು, ಗಂಡ ಸೋತರೆ ಅವರಿಗೆ ಖುಷಿ. ಮೆಟ್ರೊ ಓಡತೊಡಗಿದ ಮೇಲೆ ಕಾಕಾ ಅದರಲ್ಲಿ ಒಂದು ಸಲ ಸುಮ್ಮನೆ ಹೋಗಿಬಂದು, ಬಾಗಿಲು ಮುಚ್ಚುವಾಗ ನಡುವೆ ಛತ್ರಿ ಒಡ್ಡಿ ಪರೀಕ್ಷೆ ಮಾಡಿ ಕಾವಲಿನವರಿಂದ ಬೈಸಿಕೊಂಡೆ ಎಂದು ವರದಿ ಒಪ್ಪಿಸಿದರು. "ಬಾಗಿಲು ಶಾಣ್ಯಾ ಐತಿ. ತಾನ ತಗೀತು," ಎಂಬುದು ಅವರ ತೀರ್ಪು. ಅದೇ ವರ್ಷ ಎದೆನೋವು ಎಂದು ಆಸ್ಪತ್ರೆಗೆ ಸೇರಿದವರು ನಾಲ್ಕನೆಯ ದಿನ ತೀರಿಕೊಂಡರು.

ಈ ಹೊತ್ತಿಗೂ ನನ್ನ ಅಂಕಣ ನಡೆಯುತ್ತಿದೆ. ಇಷ್ಟು ವರ್ಷಗಳಲ್ಲಿ ಇನ್ನೂ ನಾಲ್ಕು ಸಲ 'ನಾನು ಬರೆದದ್ದು ತಪ್ಪು' ಎಂದು ಬರೆದಿದ್ದೇನೆ. ನಾಲ್ಕು ಸಲವೂ ಯಾರ ಒಪ್ಪಿಗೆಗೂ ಕಾಯಲಿಲ್ಲ. ಆ ಧೈರ್ಯ ನನ್ನ ಹುಟ್ಟುಗುಣವಲ್ಲ, ಅವರಿಂದ ಬಂದದ್ದು. ನನ್ನಿಂದ ಅವರಿಗೂ ಏನಾದರೂ ಸಂದಿತ್ತೇ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಅವರನ್ನು ಮಣ್ಣು ಮಾಡಿದ ದಿನ ರುದ್ರಭೂಮಿಯಲ್ಲಿ ಬಂಧುಗಳು, ನಮ್ಮ ಕಟ್ಟಡದವರು, ಪೀಣ್ಯದ ಹಳೆಯ ಕೆಲಸಗಾರರು ಸೇರಿದ್ದರು. ಗಿರಣಿಯವರಿಗೂ ನಾನು ಫೋನು ಮಾಡಿ ತಿಳಿಸಿದ್ದೆ, ಬರುತ್ತಾರೆಂಬ ನಂಬಿಕೆ ಇರಲಿಲ್ಲ. ಚಂದಾಪುರದಿಂದ ಆತ ಬಂದರು, ಒಗೆದ ಬಿಳಿ ಅಂಗಿ ತೊಟ್ಟು. ಬಿಲ್ವಪತ್ರೆ ಹಾಕುವ ಸಾಲಿನಲ್ಲಿ ನಿಂತಾಗ, ಗುರುತಿಲ್ಲದ ಮುಖ ಕಂಡು ಊರಿನಿಂದ ಬಂದಿದ್ದ ಹಿರಿಯರೊಬ್ಬರು ವಿಚಾರಿಸಿದರು:

"ನೀವು ಅವರಿಗೆ ಏನಾಗಬೇಕು?"

"ನಾನು ಅವರ ಪ್ರೆಸ್ ಆಪರೇಟರ್," ಅಂದರು ಆತ.