ರೆಡಿಮೇಡ್ ಸಾಹಸದ ಒಳಹೊಲಿಗೆ

ಭಾನುವಾರ ಮೂರು ಮಕ್ಕಳು ನಮ್ಮ ಮನೆಗೆ ಆಟಕ್ಕೆ ಬರುತ್ತಾರೆ ಎಂದು ಮೊಮ್ಮಗಳು ಹೇಳಿದ ದಿನ ನನಗಾದ ಸಂತೋಷವನ್ನು ಬರೆಯೋಣ ಎಂದು ಕೂತರೆ ಯಾವ ಮಾತನ್ನು ಮೊದಲು ಇಡಬೇಕೋ ತಿಳಿಯುವುದಿಲ್ಲ. ನಾನು ಓದಿದ್ದು ಐದನೇ ಕ್ಲಾಸು, ಅದೂ ಅರ್ಧ. ಆದರೂ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊದಲು ಅವಳ ವಿಷಯ ಹೇಳಬೇಕು. ಸೊಂಟದ ಮೂಳೆಗೆ ಏನೋ ಆಗಿ ಎರಡು ಸಲ ಆಪರೇಷನ್ ಆಯಿತು, ಒಂದು ವರ್ಷ ಶಾಲೆ ತಪ್ಪಿತು. ಮತ್ತೆ ಸೇರಿಸಿದಾಗ ಜೊತೆಯವರೆಲ್ಲ ಎಂಟನೇ ಕ್ಲಾಸಿಗೆ ಹೋಗಿಬಿಟ್ಟಿದ್ದರು, ಇವಳು ಏಳರಲ್ಲೇ ಉಳಿದಳು. ಹೊಸ ಕ್ಲಾಸಿನ ಮಕ್ಕಳು ಇವಳಿಗಿಂತ ಚಿಕ್ಕವರು. ಇವಳ ಕುಂಟು ನಡಿಗೆಯನ್ನು ಆಡಿಕೊಳ್ಳುತ್ತಿರಲಿಲ್ಲ, ಅಷ್ಟು ಒಳ್ಳೆಯವರೇ, ಆದರೆ ಹತ್ತಿರವೂ ಬರುತ್ತಿರಲಿಲ್ಲ. ಅವಳ ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ದೊಡ್ಡನೆಕ್ಕುಂದಿಗೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಉಳಿಯುವುದು ಅವಳು, ನಾನು, ನನ್ನ ಹೊಲಿಗೆ ಮಿಷನ್ನು. ಮರ್ಫಿ ಟೌನಿನ ಆ ಎರಡು ಕೋಣೆಯಲ್ಲಿ ಸಂಜೆ ಅವಳು ಬ್ಯಾಗು ಇಳಿಸುವಾಗ ನಾನು ದಿನಾ ಕೇಳುತ್ತಿದ್ದೆ.

"ಇವತ್ತು ಯಾರ ಜೊತೆ ಊಟ ಮಾಡ್ದೆ?"

"ಡಬ್ಬಿ ಜೊತೆ."

ನಗಿಸುವುದಕ್ಕೆ ಹೇಳುತ್ತಿದ್ದಳು. ನಾನೂ ನಗುತ್ತಿದ್ದೆ. ಆಮೇಲೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಹುಡುಗಿಯೊಬ್ಬಳು ಅವಳಿಗೆ ಒಂದು ಆಟ ಕಲಿಸಿದ್ದಳು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಆ ಕಥೆಯೊಳಗಿನ ವೀರರು, ಮಾಟ ಬಲ್ಲವರು, ಕಳ್ಳರು. ನಡೆಸುವವರು "ಎದುರಿಗೆ ಗುಹೆ ಇದೆ, ಏನು ಮಾಡುತ್ತೀರಿ" ಎಂದು ಕೇಳಬೇಕು, ಇವರು ಹೇಳಬೇಕು, ಮಾಡಿದ್ದು ಫಲಿಸಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಆ ದಾಳವನ್ನು ಅವಳು ಶಾಲೆಗೆ ಒಯ್ದಿದ್ದಳಂತೆ. ಮೂವರು ಬಂದು ನೋಡಿದರಂತೆ. "ಒಂದ್ಸಲ ಬಂದು ಆಡಿ ನೋಡ್ತೀವಿ" ಅಂದರಂತೆ.

ಆ "ಒಂದ್ಸಲ" ನನ್ನೊಳಗೆ ಮುರಿದ ಸೂಜಿಯ ಮೊನೆಯ ಹಾಗೆ ಕೂತುಬಿಟ್ಟಿತು. ಒಂದ್ಸಲ ಬಂದು, ಬೇಜಾರಾಗಿ ಹೋದರೆ? ಎರಡನೇ ಸಲ ಕರೆದರೆ ಬರುತ್ತಾರಾ? ಇವಳಂತೂ ಎರಡನೇ ಸಲ ಕರೆಯುವವಳಲ್ಲ, ನನಗೆ ಗೊತ್ತು.

ಶನಿವಾರ ಆಟೋ ಮಾಡಿಕೊಂಡು ಇಂದಿರಾನಗರದ ಒಂದು ಆಟದ ಅಂಗಡಿಗೆ ಹೋದೆವು. ಅಲ್ಲಿ ದೊಡ್ಡವರೇ ಕೂತು ಆಡುತ್ತಿದ್ದರು, ಗಡ್ಡ ಬಿಟ್ಟವರು, ಆಫೀಸಿನ ಕಾರ್ಡು ಕೊರಳಲ್ಲಿ ಹಾಕಿಕೊಂಡವರು. ಅಂಗಡಿಯ ಹುಡುಗ ಬಂದು "ಹೇಳಿ ಆಂಟಿ" ಅಂದ. ನನ್ನ ವಯಸ್ಸಿಗೆ ಆಂಟಿ ಅಂದಿದ್ದು ಕೇಳಿ ಮೊಮ್ಮಗಳು ನನ್ನ ಸೆರಗು ಎಳೆದಳು.

"ಇವಳು ಕಥೆ ನಡೆಸ್ಬೇಕಪ್ಪ. ಮೊದಲನೇ ಸಲ. ಬರೋ ಮಕ್ಕಳೂ ಹೊಸಬರು."

"ಹಂಗಾದ್ರೆ ರೆಡಿಮೇಡ್ ಅಡ್ವೆಂಚರ್ ತಗೊಳ್ಳಿ ಆಂಟಿ. ಊರು, ದಾರಿ, ರಾಕ್ಷಸರು, ಅವ್ರು ಏನ್ ಮಾತಾಡ್ತಾರೆ ಅಂತ ಎಲ್ಲಾ ಬರ್ದಿರುತ್ತೆ. ಓದ್ಕೊಂಡು ನಡೆಸೋದಷ್ಟೆ."

ರೆಡಿಮೇಡ್ ಎನ್ನುವ ಮಾತು ಕಿವಿಗೆ ಬಿದ್ದಿದ್ದೇ ನನಗೆ ಸ್ವಲ್ಪ ಉಸಿರು ಬಂತು. ಶಿವಾಜಿನಗರದಲ್ಲಿ ರೆಡಿಮೇಡ್ ಬಟ್ಟೆ ಅಂಗಡಿಯ ಹಿಂದೆ ಕೂತು ಮೂವತ್ತು ವರ್ಷ ಆಲ್ಟ್ರೇಷನ್ ಮಾಡಿದವಳು ನಾನು. ರೆಡಿಮೇಡ್ ಅಂದರೆ ಏನು ಎಂದು ಈ ಊರಿನಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಟ್ಟೆ ಚೆನ್ನಾಗಿರುತ್ತದೆ, ಆದರೆ ಯಾರದೋ ಅಳತೆಗೆ ಹೊಲಿದಿರುತ್ತಾರೆ, ಇನ್ಯಾರೋ ಹಾಕಿಕೊಳ್ಳಬೇಕು.

ಅವನು ಮೂರು ಪುಸ್ತಕ ತಂದಿಟ್ಟ. "ಮೂರೂ ಒಂದನೇ ಲೆವೆಲ್‌ನವ್ರಿಗೆ" ಅಂದ.

ನನ್ನ ಮುಖ ಬಿಸಿಯಾಯಿತು. "ನೋಡಪ್ಪ, ಅವಳು ಏಳನೇ ಕ್ಲಾಸು. ಒಂದು ವರ್ಷ ಹಿಂದೆ ಉಳ್ದಿದ್ದೇ ಸಾಕಾಗಿದೆ ನಮಗೆ. ಒಂದನೇದು ಯಾಕೆ ಕೊಡ್ತೀಯ?"

ಅವನಿಗೆ ಏನೂ ಅರ್ಥವಾಗಲಿಲ್ಲ. ಮೊಮ್ಮಗಳು ಟೇಬಲ್ಲಿಗೆ ಹಣೆ ಇಟ್ಟು ನಗತೊಡಗಿದಳು.

"ಅಜ್ಜಿ, ಅದು ಹೀರೋಗಳ ಲೆವೆಲ್ಲು. ಎಲ್ರೂ ಒಂದ್ರಿಂದಾನೇ ಶುರು ಮಾಡ್ಬೇಕು."

"ನಾನೂ ಒಂದೇ ಆಂಟಿ" ಅಂದ ಹುಡುಗ. "ನಮ್ ಬಾಸ್ ಬಂದು ಕೂತ್ರೂ ಒಂದೇ."

ಹಾಗಾದರೆ ಸರಿ ಎಂದೆ. ಎಲ್ಲರೂ ಒಂದರಿಂದಲೇ ಶುರು ಮಾಡುವ ಜಾಗವೂ ಒಂದಿದೆಯಲ್ಲ ಎಂದು ನನಗೆ ಎಷ್ಟು ಸಮಾಧಾನವಾಯಿತೋ ಹೇಳಲಾರೆ. ಅದನ್ನು ಯಾರಾದರೂ ಆಸ್ಪತ್ರೆಯಲ್ಲೇ ಹೇಳಿದ್ದರೆ ಚೆನ್ನಾಗಿತ್ತು.

ಕೂತು ಓದಿ ನೋಡಿ, ಆಮೇಲೆ ತೆಗೆದುಕೊಳ್ಳಿ ಎಂದು ಅವನು ಟೇಬಲ್ ಬಿಟ್ಟುಕೊಟ್ಟ. ಪುಸ್ತಕಗಳೆಲ್ಲ ಇಂಗ್ಲಿಷಿನವು. ಅವಳು ಓದಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. "ಅಜ್ಜಿ, ನಿಂಗೆ ಅರ್ಥ ಆದ್ರೆ ಅವ್ರಿಗೂ ಆಗುತ್ತೆ" ಅಂದಳು. ನನ್ನ ಅರ್ಧ ಐದನೇ ಕ್ಲಾಸು ಒಂದು ಕೆಲಸಕ್ಕೆ ಬಂತಲ್ಲ ಎಂದು ಹಿಗ್ಗಿದೆ, ಜೊತೆಗೇ ಹೆದರಿದೆ. ನಾನು ಕೆಟ್ಟದ್ದನ್ನು ಆರಿಸಿದರೆ ಹಾಳಾಗುವುದು ಅವಳ ಭಾನುವಾರ.

ಮೊದಲನೆಯದು ಇಟ್ಟಿಗೆಯಷ್ಟು ದಪ್ಪ, ಮೇಲೆ ಚಿನ್ನದ ಬಣ್ಣದ ಡ್ರ್ಯಾಗನ್ನು. ಅವಳ ಕಣ್ಣು ಅದರ ಮೇಲೇ ಇತ್ತು. ಆದರೆ ಎರಡು ಪುಟ ಆಗುವಷ್ಟರಲ್ಲಿ ಮೂವರು ರಾಜರು, ಅವರ ತಮ್ಮಂದಿರು, ಹಳೆಯ ಯುದ್ಧ, ಇನ್ನೊಂದು ಹಳೆಯ ಯುದ್ಧ. ಯಾರು ಯಾರಿಗೆ ಏನಾಗಬೇಕು ಎಂದು ಕೇಳಿದೆ. ಅವಳು ಹಿಂದಿನ ಪುಟ ತಿರುಗಿಸಿದಳು, ಮತ್ತೆ ತಿರುಗಿಸಿದಳು.

"ನೀನು ಹಿಂಗೆ ಹುಡುಕ್ತಾ ಇರುವಾಗ ಆ ಮಕ್ಕಳು ಏನ್ ಮಾಡ್ತಾರೆ?"

"ಕಾಯ್ತಾರೆ."

"ಎಷ್ಟೊತ್ತು?"

ಮುಖ ಊದಿಸಿಕೊಂಡು ಬದಿಗಿಟ್ಟಳು.

ಎರಡನೆಯದು ತೆಳು, ಬರೀ ಒಂದು ನೆಲಮಾಳಿಗೆ, ಬಾಗಿಲಿಗೊಂದು ಮೋಸ. ಮೊದಲನೇ ಬಾಗಿಲಲ್ಲೇ ದಾಳ ಕಡಿಮೆ ಬಿದ್ದರೆ ಮೇಲಿಂದ ಕಲ್ಲು ಬಿದ್ದು ಒಬ್ಬ ಸಾಯುತ್ತಾನಂತೆ.

"ಸತ್ತ ಮಗು ಆಮೇಲೆ?"

"ಉಳ್ದವ್ರು ಆಡೋದನ್ನ ನೋಡ್ತಾ ಕೂತ್ಕೋಬೇಕು."

ಪಿ.ಟಿ. ಪೀರಿಯಡ್ಡಿನಲ್ಲಿ ಮೈದಾನದ ಅಂಚಿನ ಕಟ್ಟೆಯ ಮೇಲೆ ಅವಳು ಹಾಗೆ ಕೂತಿದ್ದನ್ನು ನಾನು ಗೇಟಿನಿಂದ ನೋಡಿದ್ದೇನೆ. ಆ ಪುಸ್ತಕವನ್ನು ಅವಳೇ ಮುಚ್ಚಿದಳು.

ಮೂರನೆಯದು ಸಾಧಾರಣ ನೋಟದ್ದು. ಒಂದು ನದಿ, ಒಬ್ಬ ದೋಣಿಯವನು. ಅವನು ಗಂಟೆ ಬಾರಿಸಿದರೆ ನೀರಿನೊಳಗಿನ ಪ್ರಾಣಿ ದೋಣಿಗೆ ದಾರಿ ಬಿಡುತ್ತದೆ. ಆ ಗಂಟೆ ಕಳುವಾಗಿದೆ. ಕಾಡಿನ ಗುಹೆಯಲ್ಲಿರುವ ಕುಳ್ಳ ಕಳ್ಳರಿಂದ ಅದನ್ನು ತರಬೇಕು. ಇಷ್ಟೆ. ನನಗೆ ಒಂದೇ ಸಲಕ್ಕೆ ತಿಳಿಯಿತು. ಆದರೂ ಪುಸ್ತಕ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದೆ. ಇಂಗ್ಲಿಷ್ ಅಕ್ಷರ ಬಾರದಿದ್ದರೂ ಅಭ್ಯಾಸ ಬಿಡಬೇಕಲ್ಲ. ರೆಡಿಮೇಡ್ ಷರ್ಟು ಯಾವುದೇ ಬರಲಿ, ನಾನು ಮೊದಲು ಒಳಗಡೆ ಮಗುಚಿ ಹೊಲಿಗೆಯಲ್ಲಿ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಎಂದು ನೋಡುವವಳು. ಬಿಟ್ಟಿದ್ದರೆ ಎಂಥ ಮೈಗೂ ಬಿಡಿಸಿ ಕೊಡಬಹುದು. ಬಿಡದೆ ಕತ್ತರಿಸಿದ್ದರೆ ದೇವರೂ ಏನೂ ಮಾಡಲಾಗದು.

ಅಂಗಡಿ ಹುಡುಗನನ್ನು ಕರೆದೆ. "ಇದನ್ನ ಬಿಚ್ಚಿ ಹೊಲೀಬಹುದೇನಪ್ಪ?"

"ಬುಕ್ಕು ಬಿಚ್ಚೋದಾ?"

"ಕಥೇನ. ಮಕ್ಕಳು ಬೇರೆ ಕಡೆ ಹೊರಟ್ರೆ ಅಗಲ ಮಾಡೋಕೆ ಜಾಗ ಇದೆಯಾ?"

ಅವನು ನಗುವುದಕ್ಕೆ ಬಾಯಿ ತೆರೆದವನು ಹಾಗೇ ನಿಂತ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಪುಟದ ಬದಿಯಲ್ಲಿದ್ದ ಸಣ್ಣ ಚೌಕಗಳನ್ನು ತೋರಿಸಿದ. ಆಡುವವರು ಗುಹೆಗೆ ಹೋಗಲು ಒಪ್ಪದಿದ್ದರೆ ಹೀಗೆ ಮಾಡಿ, ಕಳ್ಳರ ಜೊತೆ ಸ್ನೇಹ ಮಾಡಿದರೆ ಹೀಗೆ ಮಾಡಿ, ಬೇಕಾದವರನ್ನು ನೀವೇ ಸೇರಿಸಿಕೊಳ್ಳಿ, ಎಂದೆಲ್ಲ ಅದರಲ್ಲಿ ಬರೆದಿತ್ತಂತೆ. "ಎಲ್ರೂ ಬಂದು ಎಷ್ಟು ಪೇಜು ಅಂತ ಕೇಳ್ತಾರೆ ಆಂಟಿ. ಇದನ್ನ ಯಾರೂ ಕೇಳಲ್ಲ" ಅಂದ.

ಮೊಮ್ಮಗಳು ನನ್ನ ಮೇಲೆ ಪ್ರಯೋಗ ಮಾಡಿದಳು. "ಅಜ್ಜಿ, ನೀನು ನದಿ ಹತ್ರ ಬಂದಿದೀಯ. ಏನ್ ಮಾಡ್ತೀಯ?"

"ದೋಣಿಯವನ ಹೆಂಡ್ತಿ ಎಲ್ಲಿ? ಅವಳನ್ನ ವಿಚಾರಿಸ್ತೀನಿ. ಮನೇಲಿ ಏನ್ ಕಳ್ದ್ರೂ ಗೊತ್ತಿರೋದು ಅವಳಿಗೇ."

ಪುಸ್ತಕದಲ್ಲಿ ಹೆಂಡತಿ ಇರಲಿಲ್ಲ. ಅವಳು ಒಂದು ಗಳಿಗೆ ಯೋಚಿಸಿ, ದನಿ ಬದಲಾಯಿಸಿ, "ಗಂಟೆನಾ? ಹೋಗ್ಲಿ ಬಿಡಿ. ಅದರ ಸದ್ದಿಗೆ ಇಪ್ಪತ್ತು ವರ್ಷದಿಂದ ನಾನು ನಿದ್ದೆ ಮಾಡಿಲ್ಲ" ಅಂದಳು. ಎಷ್ಟು ತಿಂಗಳಾಗಿತ್ತು ಅವಳು ಹಾಗೆ ಬೇರೆ ದನಿಯಲ್ಲಿ ಮಾತಾಡಿ. ಆ ಪುಸ್ತಕವನ್ನೇ ತೆಗೆದುಕೊಂಡೆವು.

ಭಾನುವಾರ ಮಧ್ಯಾಹ್ನ ಮೂವರೂ ಬಂದರು. ಉದ್ದನೆಯ ಒಬ್ಬ ಹುಡುಗ, ಕನ್ನಡಕದ ಹುಡುಗಿ, ಮಾತು ನಿಲ್ಲಿಸದ ಇನ್ನೊಬ್ಬಳು. ಮಿಷನ್ನನ್ನು ಅಡುಗೆಮನೆಗೆ ತಳ್ಳಿ, ನೆಲಕ್ಕೆ ಚಾಪೆ ಹಾಸಿದ್ದೆ. ಮೊಮ್ಮಗಳಿಗೆ ಮಾತ್ರ ಕುರ್ಚಿ, ನೆಲಕ್ಕೆ ಕೂತರೆ ಸೊಂಟ ನೋಯುತ್ತದೆ. ನಾನು ಬೋಂಡಾಕ್ಕೆ ಹಿಟ್ಟು ಕಲಸುತ್ತಾ ಬಾಗಿಲ ಮರೆಯಲ್ಲಿ ಕಿವಿ ಕೊಟ್ಟು ನಿಂತೆ. ದೋಣಿಯವನ ಹೆಂಡತಿಯ ಮಾತಿಗೆ ಎಲ್ಲರೂ ನಕ್ಕರು. ನನ್ನ ಎದೆ ತುಂಬಿಹೋಯಿತು.

ಅಷ್ಟರಲ್ಲಿ ಉದ್ದ ಹುಡುಗ ಅಂದ, "ಮಗಾ, ಗುಹೆಗೆ ಯಾಕೆ ಹೋಗ್ಬೇಕು? ಹೊಸ ಗಂಟೆ ಮಾಡ್ಸಿದ್ರೆ ಮುಗೀತಲ್ಲ."

"ಹೌದಲ್ಲ" ಅಂದರು ಉಳಿದವರು.

ಪುಟ ತಿರುಗಿಸುವ ಸದ್ದು, ಬೇಗ ಬೇಗ. ಅಂಗಡಿಯಲ್ಲಿ ಆ ದಪ್ಪ ಪುಸ್ತಕದ ಮುಂದೆ ಕೇಳಿದ್ದೆನಲ್ಲ, ಅದೇ ಸದ್ದು. ನನ್ನ ಕೈಯಲ್ಲಿದ್ದ ಹಿಟ್ಟು ಪಾತ್ರೆಗೆ ತೊಟ್ಟಿಕ್ಕುತ್ತಿತ್ತು. ಆ ಚೌಕಗಳಲ್ಲಿ ಇದು ಇಲ್ಲವೇ? ನಾನು ಆರಿಸಿದ್ದು ತಪ್ಪಾಯಿತೇ? ಡ್ರ್ಯಾಗನ್ನಿನದೇ ತರಬೇಕಿತ್ತೇನೋ. ಮಾತಿನ ಹುಡುಗಿ ಆಗಲೇ ಫೋನು ತೆಗೆದು ನೋಡುತ್ತಿದ್ದಳು. ಇನ್ನು ತಡೆಯಲಾರದೆ, ಆಗಲೇ ಕರಿದಿಟ್ಟಿದ್ದ ನಾಲ್ಕು ಬೋಂಡಾ ತಟ್ಟೆಗೆ ಹಾಕಿಕೊಂಡು ಒಳನುಗ್ಗಿದೆ. ತಿನ್ನುವ ನೆಪದಲ್ಲಿ ಮೊಮ್ಮಗಳಿಗೆ ಸ್ವಲ್ಪ ಹೊತ್ತು ಸಿಗಲಿ ಎಂದು.

"ಅಜ್ಜಿ, ಈಗ ಬೇಡ" ಅಂದಳು. ನನ್ನ ಮುಖ ನೋಡದೆ, ಕೈ ಅಡ್ಡ ಹಿಡಿದು.

ತಟ್ಟೆ ಸಮೇತ ಹಿಂದೆ ಸರಿದೆ. ಅವಳು ಪುಸ್ತಕ ಮುಚ್ಚಿ ತೊಡೆಯ ಕೆಳಗೆ ಇಟ್ಟುಕೊಂಡಳು.

"ಸರಿ. ಊರಲ್ಲಿ ಕಂಚು ಎರಕ ಹೊಯ್ಯೋ ಒಬ್ಳು ಮುದುಕಿ ಇದಾಳೆ. ಅವಳಂತಾಳೆ, ಗಂಟೆ ಮಾಡ್ಕೊಡ್ತೀನಿ, ಆದ್ರೆ ನೀರಲ್ಲಿರೋ ಪ್ರಾಣಿಗೆ ಹೊಸ ದನಿ ಗುರುತು ಸಿಗಲ್ಲ. ಯಾರಾದ್ರೂ ನೀರಿಗಿಳ್ದು ಪರಿಚಯ ಮಾಡ್ಸ್‌ಬೇಕು. ನಿಮ್ಮಲ್ಲಿ ಯಾರು ಇಳೀತೀರಾ?"

ಮೂವರೂ ಒಟ್ಟಿಗೆ ಮಾತಾಡತೊಡಗಿದರು. ಫೋನು ಚಾಪೆಯ ಮೇಲೆ ಬಿತ್ತು. ದಾಳ ಉರುಳಿತು, ಮತ್ತೆ ಉರುಳಿತು, ಬೋಂಡಾ ತಣ್ಣಗಾಯಿತು, ಯಾರೂ ಕೇಳಲಿಲ್ಲ.

ಐದೂವರೆ ಹೊತ್ತಿಗೆ ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಕಥೆ ಇನ್ನೂ ನೀರಿನ ಮಧ್ಯದಲ್ಲೇ ಇತ್ತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಉಸಿರು ಹಿಡಿದು ನಿಂತಿದ್ದೆ. ಕನ್ನಡಕದ ಹುಡುಗಿಯೇ ಹೇಳಿದಳು.

"ಮುಂದಿನ ವಾರ ನಮ್ಮನೇಲಿ. ರಿಚರ್ಡ್ಸ್ ಟೌನಲ್ಲಿ. ದೊಡ್ಡ ಟೇಬಲ್ ಇದೆ."

ಬರುತ್ತಾರೆಯೇ ಎಂದು ವಾರವಿಡೀ ಕಾದ ನನಗೆ ಇವಳೇ ಹೋಗಬೇಕಾದೀತು ಎಂದು ಹೊಳೆದೇ ಇರಲಿಲ್ಲ.

"ಮೆಟ್ಲು ಇದೆಯೇನಮ್ಮ?"

"ಎರಡ್ನೇ ಮಹಡಿ ಅಜ್ಜಿ. ಲಿಫ್ಟ್ ಇಲ್ಲ."

"ಇವಳಿಗೆ..."

"ಹತ್ತ್‌ತೀನಿ" ಅಂದಳು ಮೊಮ್ಮಗಳು.

"ನಾನು ಬ್ಯಾಗ್ ಹಿಡ್ಕೋತೀನಿ ಬಿಡಿ ಅಜ್ಜಿ" ಅಂದ ಉದ್ದ ಹುಡುಗ. "ಇವಳು ನಮ್ಮನ್ನ ನೀರಲ್ಲೇ ಬಿಟ್ಟಿದಾಳೆ. ಬರ್ದೇ ಇದ್ರೆ ನಾವು ಮುಳುಗ್ತೀವಿ."

ಆಗಲಿ ಎಂದೆ. ತಟ್ಟೆಗಳನ್ನು ಎತ್ತಿಕೊಂಡು ತೊಳೆಯಲು ಹೋದೆ. ನಲ್ಲಿ ತಿರುಗಿಸಲಿಲ್ಲ. ನಾಲ್ವರೂ ಇನ್ನೂ ಬಾಗಿಲಲ್ಲೇ ನಿಂತು ಮಾತಾಡುತ್ತಿದ್ದರು, ನನಗೆ ಅದು ಕೇಳಿಸಬೇಕಿತ್ತು.